ಕರುಳಿಗೆ ಬೇಡದ ವಿಶ್ರಾಂತಿ

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿನ ಕೇಸ್‌ಶೀಟಿನಲ್ಲಿ ಮೊದಲ ದಿನವೇ ಬೀಳುವ ಮೂರಕ್ಷರ ಎನ್‌ಪಿಒ. ಬಾಯಿಗೆ ಏನೂ ಕೊಡಬೇಡಿ. ಯಾಕೆ ಎಂದು ಕೇಳಿದರೆ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ: ಕರುಳು ಇನ್ನೂ ಎಳಸು, ಅಲ್ಲಿಗೆ ರಕ್ತ ಸರಿಯಾಗಿ ಹೋಗುತ್ತಿಲ್ಲ, ಹಾಲು ಹಾಕಿದರೆ ತಡೆದುಕೊಳ್ಳುವುದಿಲ್ಲ, ನಾಲ್ಕು ದಿನ ವಿಶ್ರಾಂತಿ ಸಿಗಲಿ. ಹಿರಿಯ ವೈದ್ಯರು ಕಿರಿಯರಿಗೆ ಹೇಳುತ್ತಾರೆ, ಕಿರಿಯರು ನರ್ಸ್‌ಗಳಿಗೆ, ನರ್ಸ್‌ಗಳು ಹೊರಗೆ ಬೆಂಚಿನ ಮೇಲೆ ಕಾದು ಕೂತ ಅಪ್ಪನಿಗೆ. ಅಪ್ಪ ತಲೆಯಾಡಿಸುತ್ತಾನೆ. ಎಳೆಗೂಸಿಗೆ ವಿಶ್ರಾಂತಿ ಬೇಡ ಎನ್ನುವವರು ಯಾರಿದ್ದಾರೆ?

ನಾನಿದ್ದೇನೆ. ನವಜಾತ ಶಿಶುವಿನ ಕರುಳಿನ ರಕ್ತಸಂಚಾರವನ್ನು ತಲೆಕೆಳಗಾಗಿ ಓದಿದ್ದರಿಂದ ಹುಟ್ಟಿಕೊಂಡ ಅಭ್ಯಾಸ ಇದು. ಇದರ ಸಮರ್ಥನೆಗೆ ಯಾವ ಶರೀರಶಾಸ್ತ್ರವನ್ನು ಮುಂದೊಡ್ಡುತ್ತಾರೋ ಅದೇ ಇದರ ವಿರುದ್ಧ ಸಾಕ್ಷಿ ಹೇಳುತ್ತದೆ.

ಭಯ ಸುಳ್ಳಲ್ಲ, ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. ನೆಕ್ರೊಟೈಸಿಂಗ್ ಎಂಟರೊಕೊಲೈಟಿಸ್, ವಾರ್ಡಿನ ಮಾತಿನಲ್ಲಿ ಎನ್‌ಇಸಿ, ಒಮ್ಮೆ ಕಂಡವರು ಮರೆಯುವಂಥ ಕಾಯಿಲೆಯಲ್ಲ. ಎರಡು ವಾರ ಚೆನ್ನಾಗಿಯೇ ಇದ್ದ ಮಗು ಒಂದು ಬೆಳಿಗ್ಗೆ ಮಂಕಾಗುತ್ತದೆ. ಹೊಟ್ಟೆ ಉಬ್ಬಿ ಚರ್ಮ ಬಿಗಿದು ಹೊಳೆಯುತ್ತದೆ, ಮಲದಲ್ಲಿ ರಕ್ತ, ಎಕ್ಸ್‌ರೇ ತೆಗೆದರೆ ಕರುಳಿನ ಗೋಡೆಯೊಳಗೇ ಗಾಳಿಯ ಗುಳ್ಳೆಗಳು. ಸಂಜೆಯ ಹೊತ್ತಿಗೆ ಸರ್ಜನ್ ಬಾಗಿಲಲ್ಲಿ ನಿಂತಿರುತ್ತಾರೆ. 1500 ಗ್ರಾಂಗಿಂತ ಕಡಿಮೆ ತೂಕದ ಶಿಶುಗಳಲ್ಲಿ ಶೇ 5ರಿಂದ 10ರಷ್ಟು ಮಕ್ಕಳಿಗೆ ಇದು ಬರುತ್ತದೆ, ಬಂದವರಲ್ಲಿ ಶೇ 20ರಿಂದ 30ರಷ್ಟು ಮಕ್ಕಳು ಉಳಿಯುವುದಿಲ್ಲ. ಇದನ್ನು ಕಣ್ಣಾರೆ ಕಂಡವರು ಹಾಲಿನ ಸಿರಿಂಜ್ ಎತ್ತಿಕೊಳ್ಳಲು ಹಿಂಜರಿದರೆ ಹಂಗಿಸುವುದು ಸಲ್ಲ. ಆದರೆ ಆ ಭಯಕ್ಕೆ ತೊಡಿಸಿರುವ ವಿಜ್ಞಾನದ ಅಂಗಿ ಅದರ ಅಳತೆಯದ್ದಲ್ಲ.

ಆ ಅಂಗಿ ಹೊಲಿದದ್ದು 1969ರಲ್ಲಿ. ನೀರಿಗೆ ಧುಮುಕಿದ ಸೀಲ್ ಪ್ರಾಣಿ ತನ್ನ ಕರುಳು, ಚರ್ಮಗಳ ರಕ್ತವನ್ನು ಕಡಿತ ಮಾಡಿ ಹೃದಯ ಮತ್ತು ಮಿದುಳಿಗೆ ಮೀಸಲಿಡುತ್ತದೆ. ಹುಟ್ಟುವಾಗ ಉಸಿರುಗಟ್ಟಿದ ಮಗುವಿನ ದೇಹವೂ ಹಾಗೆಯೇ ಮಾಡುತ್ತದೆ, ಬಲಿಯಾಗುವುದು ಕರುಳು ಎಂದು ಅಮೆರಿಕದ ಮಕ್ಕಳ ಶಸ್ತ್ರಚಿಕಿತ್ಸಕ ಲಾಯ್ಡ್ ಬರೆದರು. 1975ರಲ್ಲಿ ನ್ಯೂಯಾರ್ಕಿನ ಸಾಂಟುಲಿ ಮತ್ತು ಸಂಗಡಿಗರು ಇದನ್ನು ಮೂರು ಕಾಲಿನ ಮೇಲೆ ನಿಲ್ಲಿಸಿದರು: ಗಾಯಗೊಂಡ ಕರುಳು, ಅಲ್ಲಿ ಸೇರುವ ಬ್ಯಾಕ್ಟೀರಿಯಾ, ಆ ಬ್ಯಾಕ್ಟೀರಿಯಾಕ್ಕೆ ಮೇವಾಗುವ ಹಾಲು. 1978ರಲ್ಲಿ ಬ್ರೌನ್ ಮತ್ತು ಸ್ವೀಟ್ ಎಂಬಿಬ್ಬರು ಹಾಲನ್ನು ತಡವಾಗಿ, ಅಳೆದಳೆದು ಕೊಟ್ಟರೆ ಕಾಯಿಲೆ ಹೆಚ್ಚುಕಡಿಮೆ ಇಲ್ಲವಾಗುತ್ತದೆ ಎಂದು ವರದಿ ಮಾಡಿದರು. ಮೂರು ಕಾಲುಗಳ ಪೈಕಿ ವೈದ್ಯರ ಕೈಗೆ ಸಿಗುವುದು ಹಾಲೊಂದೇ. ಹಾಗಾಗಿ ಹಾಲೇ ಆರೋಪಿಯಾಯಿತು. ಆದಾಯವಿಲ್ಲದ ಮನೆಗೆ ನೆಂಟರನ್ನು ಕರೆಯಬೇಡಿ ಎಂಬ ಸಂಸಾರದ ಲೆಕ್ಕ ವೈದ್ಯಶಾಸ್ತ್ರವಾಗಿ ಪಾಠದ ಕೋಣೆ ಸೇರಿತು. ಕೇಳಲು ಸರಳ, ಕಲಿಸಲು ಸುಲಭ.

ಮೊದಲ ಬಿರುಕು ಕ್ಯಾಲೆಂಡರಿನಲ್ಲಿದೆ. ಹುಟ್ಟುವಾಗಿನ ಉಸಿರುಗಟ್ಟುವಿಕೆಯೇ ಕಾರಣವಾಗಿದ್ದರೆ ಕಾಯಿಲೆ ಒಂದೆರಡು ದಿನದಲ್ಲಿ ಕಾಣಿಸಿಕೊಳ್ಳಬೇಕು. ತಿಂಗಳು ತುಂಬದ ಮಕ್ಕಳಲ್ಲಿ ಅದು ಬರುವುದು ಬಹುಪಾಲು ಎರಡು ಮೂರನೆಯ ವಾರದಲ್ಲಿ. ಎಷ್ಟು ಬೇಗ ಹುಟ್ಟಿದ ಮಗುವೋ ಅಷ್ಟು ತಡವಾಗಿ. ಎನ್‌ಇಸಿ ಬಂದ ಎಷ್ಟೋ ಮಕ್ಕಳು ಹುಟ್ಟಿದ ಕೂಡಲೇ ಅತ್ತಿದ್ದವರು. ಉಸಿರುಗಟ್ಟಿದ ಬಹುತೇಕ ಮಕ್ಕಳಿಗೆ ಅದು ಬರುವುದೇ ಇಲ್ಲ. ನಿಜವಾಗಿ ರಕ್ತದ ಕೊರತೆಯಿಂದಲೇ ಕರುಳು ಕೆಡುವ ಮಕ್ಕಳಿದ್ದಾರೆ, ಹುಟ್ಟಿನಿಂದ ಹೃದಯದ ಎಡಭಾಗ ಬೆಳೆಯದೆ ಇರುವ ತುಂಬುತಿಂಗಳ ಶಿಶುಗಳು ಅಂಥವರು. ಅವರ ಕಥೆಯೇ ಬೇರೆ, ಅವರನ್ನು ಕೈತೋರಿಸಿ ಉಳಿದೆಲ್ಲರ ಬಾಯಿ ಕಟ್ಟುವಂತಿಲ್ಲ.

ಎರಡನೆಯ ಬಿರುಕು ದೊಡ್ಡದು, ಅಲ್ಲಿ ಸ್ವಲ್ಪ ನಿಲ್ಲಬೇಕು.

1980ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಧಮನಿಯ ತುಂಡುಗಳನ್ನು ಇಟ್ಟುಕೊಂಡು ಒಂದು ಒಗಟು ಬಿಡಿಸಿದರು. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದರೆ ಕೆಲವು ತುಂಡು ಸಡಿಲವಾಗುತ್ತಿದ್ದವು, ಕೆಲವು ಬಿಗಿಯುತ್ತಿದ್ದವು. ಬಿಗಿದ ತುಂಡುಗಳ ಒಳಪದರ ತಯಾರಿಯ ಹೊತ್ತಿಗೆ ಉಜ್ಜಿ ಹೋಗಿತ್ತು. ರಕ್ತನಾಳವನ್ನು ಸಡಿಲಿಸುವ ಏನನ್ನೋ ಆ ತೆಳುಪದರ ಸ್ರವಿಸುತ್ತದೆ ಎಂದಾಯಿತು. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂದು 1987ರಲ್ಲಿ ಗೊತ್ತಾಯಿತು. 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೂ ನೊಬೆಲ್ ಬಂತು. ಅರ್ಜಿನೈನ್ ಎಂಬ ಅಮೈನೋ ಆಮ್ಲದಿಂದ ಒಳಪದರದ ಕಿಣ್ವವೊಂದು ಈ ಅನಿಲವನ್ನು ತಯಾರಿಸುತ್ತದೆ. ಕೆಲವೇ ಸೆಕೆಂಡು ಬಾಳುವ ಅನಿಲ. ಅದರ ತಯಾರಿಕೆಗೆ ಒತ್ತಾಸೆ ಕೊಡುವ ಮುಖ್ಯ ಸಂಗತಿ ಎಂದರೆ ರಕ್ತವೇ ಒಳಪದರವನ್ನು ಸವರಿಕೊಂಡು ಹರಿಯುವುದು. ಹರಿವು ಹೆಚ್ಚಿದರೆ ಅನಿಲ ಹೆಚ್ಚು, ಅನಿಲ ಹೆಚ್ಚಿದರೆ ನಾಳ ಅಗಲ.

ಇದು ನವಜಾತ ಕರುಳಿಗೆ ಏನು ಮಾಡುತ್ತದೆ ಎಂದು ವರ್ಷಗಟ್ಟಲೆ ಹುಡುಕಿದವರು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದ ಫಿಲಿಪ್ ನೊವಿಕಿ. ಹಂದಿಮರಿಗಳು ಅವರ ಪ್ರಯೋಗಪಶುಗಳು, ಏಕೆಂದರೆ ಹಂದಿಮರಿಯ ಕರುಳು ಮಗುವಿನ ಕರುಳಿಗೆ ಬಹಳ ಹತ್ತಿರ. ಹುಟ್ಟಿ ಮೂರು ದಿನವಾದ ಮರಿಯನ್ನೂ ತಿಂಗಳ ಮರಿಯನ್ನೂ ಹೋಲಿಸಿ ನೋಡಿದರು. ಕರುಳಿನ ಸಣ್ಣ ಧಮನಿಯೊಂದನ್ನು ಬಿಡಿಸಿ ತೆಗೆದು, ಎರಡು ತುದಿಗೂ ಕೂದಲಿನಂಥ ಗಾಜಿನ ನಳಿಗೆ ಕಟ್ಟಿ, ಸೂಕ್ಷ್ಮದರ್ಶಕದ ಕೆಳಗೆ ಅದರ ಅಗಲ ಅಳೆಯುವ ಕೆಲಸ. ಒಳಗಿನ ಒತ್ತಡವನ್ನು ಬದಲಿಸದೆ ಹರಿವನ್ನಷ್ಟೇ ಏರಿಸಬಹುದು, ಹರಿವನ್ನು ಬಿಟ್ಟು ಒತ್ತಡವನ್ನಷ್ಟೇ ಏರಿಸಬಹುದು. ಯಾವುದಕ್ಕೆ ನಾಳ ಹೇಗೆ ಓಗೊಡುತ್ತದೆ ಎಂದು ಬೇರೆ ಬೇರೆಯಾಗಿ ಕಾಣುತ್ತದೆ.

ಕಂಡದ್ದು ಇದು. ಗರ್ಭದಲ್ಲಿರುವಾಗ ಆಹಾರದ ಕೆಲಸವೆಲ್ಲ ಮಾಸಿನದ್ದು, ಕರುಳಿಗೆ ಹೋಗುವ ರಕ್ತ ಕಡಿಮೆ. ಹುಟ್ಟಿದ ಮೇಲೆ ಕೆಲವೇ ದಿನಗಳಲ್ಲಿ ಕರುಳಿನ ನಾಳಗಳು ತೆರೆದುಕೊಳ್ಳುತ್ತವೆ. ಮೂರು ದಿನದ ಮರಿಯ ಕರುಳಿನಲ್ಲಿ ರಕ್ತದ ಹಾದಿಗೆ ಇರುವ ತಡೆ ತಿಂಗಳ ಮರಿಯದ್ದಕ್ಕಿಂತ ಕಡಿಮೆ. ನೈಟ್ರಿಕ್ ಆಕ್ಸೈಡ್ ತಯಾರಿಯನ್ನು ಮದ್ದು ಕೊಟ್ಟು ನಿಲ್ಲಿಸಿದರೆ ಆ ಹೆಚ್ಚುಗಾರಿಕೆ ಕರಗಿ ಹೋಗುತ್ತದೆ. ಅಂದರೆ ನವಜಾತ ಕರುಳು ರಕ್ತಕ್ಕೆ ಬಡವಾಗಿ ಹುಟ್ಟುವುದಿಲ್ಲ. ಹಾಲು ಬರುತ್ತದೆ ಎಂದು ದೇಹ ಮೊದಲೇ ಸಿದ್ಧತೆ ಮಾಡಿಕೊಂಡಿರುತ್ತದೆ.

ವಿಶ್ರಾಂತಿವಾದಿಗಳು ನೊವಿಕಿಯ ಇನ್ನೊಂದು ಪ್ರಯೋಗವನ್ನು ಎತ್ತಿ ಆಡುತ್ತಾರೆ. ಮೂರು ದಿನದ ಮರಿಯ ಕರುಳಿಗೆ ಹೋಗುವ ರಕ್ತವನ್ನು ಬೇಕೆಂದೇ ತಗ್ಗಿಸಿ ಗಂಟೆಗಟ್ಟಲೆ ಹಾಗೇ ಇಟ್ಟರೆ ನಾಳಗಳು ಇನ್ನಷ್ಟು ಬಿಗಿದುಕೊಳ್ಳುತ್ತವೆ. ನೈಟ್ರಿಕ್ ಆಕ್ಸೈಡ್ ಕುಗ್ಗುತ್ತದೆ, ಅದರ ಎದುರಾಳಿ ಎಂಡೊಥೀಲಿನ್‌ನ ಕೈ ಮೇಲಾಗುತ್ತದೆ. ದೊಡ್ಡ ಮರಿಯಲ್ಲಿ ಹೀಗಾಗುವುದಿಲ್ಲ. ನೋಡಿ, ಎಷ್ಟು ನಾಜೂಕು ಎನ್ನುತ್ತಾರೆ. ಹೌದು, ನಾಜೂಕು, ಆದರೆ ಯಾವ ದಿಕ್ಕಿನಲ್ಲಿ? ಹರಿವು ತಗ್ಗುವ ದಿಕ್ಕಿನಲ್ಲಿ. ಹರಿವು ಏರಿದರೆ ಅದೇ ಎಳೆಯ ನಾಳ ಸಲೀಸಾಗಿ ಅಗಲವಾಗುತ್ತದೆ. ಹರಿವನ್ನು ಏರಿಸುವ ಸಹಜ ಉಪಾಯ ಹಾಲು. ಮಗುವಿನ ಹೊಟ್ಟೆಗೆ ಹಾಲು ಬಿದ್ದ ಮೇಲೆ ಕರುಳಿಗೆ ರಕ್ತ ಒಯ್ಯುವ ಮುಖ್ಯ ಧಮನಿಯಲ್ಲಿ ವೇಗ ಹೆಚ್ಚುವುದನ್ನು ಡಾಪ್ಲರ್ ಸ್ಕ್ಯಾನಿನಲ್ಲಿ ಯಾರು ಬೇಕಾದರೂ ನೋಡಬಹುದು, ತಿಂಗಳು ತುಂಬದ ಮಕ್ಕಳಲ್ಲೂ. ಹರಿವಿನಿಂದಲೇ ಬದುಕುವ ನಾಳಕ್ಕೆ ಹರಿವಿನ ಕರೆಯನ್ನೇ ನಿಲ್ಲಿಸಿ ಅದನ್ನು ರಕ್ಷಣೆ ಎನ್ನುವುದು ಯಾವ ತರ್ಕ?

ಕಾಯಿಲೆ ಬಂದ ಕರುಳಿನಲ್ಲಿ ರಕ್ತದ ಕೊರತೆ ಇರುತ್ತದಲ್ಲ ಎಂದು ಕೇಳಬಹುದು. ಇರುತ್ತದೆ. ಮೊದಲು ಬಂದದ್ದು ಯಾವುದು ಎಂಬುದೇ ಪ್ರಶ್ನೆ. ಎನ್‌ಇಸಿಯಿಂದ ಕತ್ತರಿಸಿ ತೆಗೆದ ಮಕ್ಕಳ ಕರುಳಿನ ಕಿರುಧಮನಿಗಳನ್ನು ನೊವಿಕಿಯ ತಂಡ ಅದೇ ಗಾಜಿನ ನಳಿಗೆಗಳಿಗೆ ಕಟ್ಟಿ 2007ರಲ್ಲಿ ವರದಿ ಮಾಡಿತು. ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವ ಒಳಪದರದಲ್ಲಿ ಇತ್ತು, ಅದರ ಕೆಲಸ ಮಾತ್ರ ನಿಂತಿತ್ತು. ಹರಿವನ್ನು ಏರಿಸಿದರೂ ನಾಳ ಅಗಲವಾಗಲಿಲ್ಲ. ಕೆಲಸ ಕೆಡಿಸಿದವರು ಯಾರು ಎಂಬುದಕ್ಕೆ 2013ರಲ್ಲಿ ಡೇವಿಡ್ ಹ್ಯಾಕಮ್ ತಂಡ ಇಲಿಗಳಲ್ಲಿ ಒಂದು ಸುಳಿವು ಕೊಟ್ಟಿತು. ಬ್ಯಾಕ್ಟೀರಿಯಾದ ಹೊರಕವಚವನ್ನು ಗುರುತು ಹಿಡಿಯುವ ಟಿಎಲ್‌ಆರ್4 ಎಂಬ ಗ್ರಾಹಕ ರಕ್ತನಾಳದ ಒಳಪದರದಲ್ಲಿ ಕೆರಳಿದರೆ ಆ ಕಿಣ್ವ ಕುಗ್ಗಿ, ಕರುಳಿನ ರಕ್ತ ಇಳಿಯುತ್ತದೆ. ಎದೆಹಾಲಿನಲ್ಲಿ ನೈಟ್ರೈಟ್ ಧಾರಾಳ, ದೇಹದೊಳಗೆ ಅದು ನೈಟ್ರಿಕ್ ಆಕ್ಸೈಡ್ ಆಗಬಲ್ಲದು; ಡಬ್ಬಿಹಾಲಿನಲ್ಲಿ ಅದು ಅತ್ಯಲ್ಪ. ಡಬ್ಬಿಹಾಲಿಗೆ ಸೋಡಿಯಂ ನೈಟ್ರೇಟ್ ಬೆರೆಸಿ ಕೊಟ್ಟ ಇಲಿಮರಿಗಳಲ್ಲಿ ಕರುಳಿನ ರಕ್ತ ಸುಧಾರಿಸಿ ಕಾಯಿಲೆ ತಗ್ಗಿತು. ಇಲಿ ಮನುಷ್ಯನಲ್ಲ, ಒಪ್ಪೋಣ. ಆದರೆ ಕ್ಯಾಲೆಂಡರಿಗೆ ಹೊಂದುವ ಕಥೆ ಇದು: ಬ್ಯಾಕ್ಟೀರಿಯಾ ನೆಲೆಯೂರಲು ವಾರಗಳು ಬೇಕು, ಉರಿಯೂತ ಮೊದಲು, ರಕ್ತದ ಕೊರತೆ ಆಮೇಲೆ. ಆರೋಪಿ ಎಂದು ಹಿಡಿದು ತಂದ ಹಾಲು ರಕ್ಷಕನ ಕಡೆಯ ಸಾಕ್ಷಿಯಾಗಿ ನಿಂತಿದೆ.

ಇಲ್ಲೊಂದು ಪ್ರತಿವಾದಕ್ಕೆ ಉತ್ತರ ಕೊಡದೆ ಮುಂದೆ ಹೋದರೆ ಅಪ್ರಾಮಾಣಿಕತೆ. ಕೆಟ್ಟ ಕರುಳಿನಲ್ಲಿ ನೈಟ್ರಿಕ್ ಆಕ್ಸೈಡ್ ವಿಪರೀತ ಹೆಚ್ಚಿರುತ್ತದೆ ಎಂದು ಹೆನ್ರಿ ಫೋರ್ಡ್ ತಂಡ 1990ರ ದಶಕದಲ್ಲಿ ತೋರಿಸಿತ್ತು. ಉರಿಯೂತದಲ್ಲಿ ಕರುಳಿನ ಜೀವಕೋಶಗಳು ಇನ್ನೊಂದು ಬಗೆಯ ಕಿಣ್ವದಿಂದ ಅದನ್ನು ಸುರಿಯುತ್ತವೆ, ಅದು ಪೆರಾಕ್ಸಿನೈಟ್ರೈಟ್ ಆಗಿ ಅದೇ ಕೋಶಗಳನ್ನು ಕೊಲ್ಲುತ್ತದೆ. ನಿಜ. ಒಂದೇ ಅನಿಲ, ರಕ್ತನಾಳದ ಒಳಪದರದಲ್ಲಿ ಚಿಟಿಕೆಯಷ್ಟು ಇದ್ದರೆ ಉಪಕಾರಿ, ಕರುಳಿನ ಮೇಲ್ಪದರದಲ್ಲಿ ಧಾರೆಯಾದರೆ ಅಪಾಯಕಾರಿ. ಇದರಿಂದ ಬರುವ ತೀರ್ಮಾನ ಅನಿಲವನ್ನು ಔಷಧಿಯಾಗಿ ಮನಬಂದಂತೆ ಕೊಡಬಾರದು ಎಂಬುದು. ಹಾಲು ಕೊಡಬಾರದು ಎಂಬ ತೀರ್ಮಾನ ಇದರಿಂದ ಹೊರಡುವುದಿಲ್ಲ.

ಔಷಧಿಯ ಮಾತು ಬಂತು. ಕೆನಡಾದ ಕ್ಯಾಲ್ಗರಿಯಲ್ಲಿ ಅಮೀನ್ ಮತ್ತು ಸಂಗಡಿಗರು 152 ಶಿಶುಗಳಲ್ಲಿ ಅರ್ಜಿನೈನ್ ಕೊಟ್ಟು ನೋಡಿ 2002ರಲ್ಲಿ ಪ್ರಕಟಿಸಿದರು. ಅರ್ಜಿನೈನ್ ಪಡೆದವರಲ್ಲಿ 5 ಮಕ್ಕಳಿಗೆ ಎನ್‌ಇಸಿ, ಪಡೆಯದವರಲ್ಲಿ 21 ಮಕ್ಕಳಿಗೆ. ಕಣ್ಣು ಕೋರೈಸುವ ಅಂತರ. ಆದರೆ 2017ರ ಕಾಕ್ರೇನ್ ವಿಮರ್ಶೆಗೆ ಸಿಕ್ಕಿದ್ದು ಒಟ್ಟು ಮೂರು ಪ್ರಯೋಗ, 285 ಶಿಶುಗಳು. ಅಷ್ಟರ ಮೇಲೆ ಎಲ್ಲ ಮಕ್ಕಳಿಗೂ ಪುಡಿ ಕಲಸಿ ಕೊಡಲು ಹೊರಡುವವರ ಜೊತೆಗೂ ನಾನಿಲ್ಲ. (ಹಾಲು ನಿಲ್ಲಿಸಿ, ಹಾಲಿನಲ್ಲಿರುವುದನ್ನು ಸ್ಯಾಚೆಯಲ್ಲಿ ಮಾರುವ ದಿನ ಬಂದರೆ ನನಗೆ ಆಶ್ಚರ್ಯವಾಗದು.)

ಇನ್ನು ಮಕ್ಕಳ ಮೇಲೇ ನಡೆದ ಪರೀಕ್ಷೆಗಳು. ಹಾಲು ತಡಮಾಡಿದರೆ ಎನ್‌ಇಸಿ ತಪ್ಪುವುದಿಲ್ಲ ಎಂದು ಅಮೆರಿಕದ ಲಾಗಾಮಾ ತಂಡ 1985ರಲ್ಲೇ ಹೇಳಿತ್ತು, ಸಣ್ಣ ಅಧ್ಯಯನ ಎಂದು ಬದಿಗಿಟ್ಟರು. 1990ರಲ್ಲಿ ಬ್ರಿಟನ್ನಿನ ಲೂಕಾಸ್ ಮತ್ತು ಕೋಲ್ 926 ಶಿಶುಗಳ ಲೆಕ್ಕ ಕೊಟ್ಟರು. ಎದೆಹಾಲನ್ನಷ್ಟೇ ಕುಡಿದವರಿಗಿಂತ ಡಬ್ಬಿಹಾಲನ್ನಷ್ಟೇ ಕುಡಿದವರಲ್ಲಿ ಕಾಯಿಲೆ 6ರಿಂದ 10 ಪಟ್ಟು ಹೆಚ್ಚು. ಆ ಲೇಖನದಲ್ಲಿ ಇನ್ನೊಂದು ಸಂಗತಿ ಇತ್ತು, ಅದನ್ನು ಓದುಗರು ಅರ್ಧವಷ್ಟೇ ಹೊತ್ತುಕೊಂಡು ಹೋದರು: ತಡವಾಗಿ ಶುರು ಮಾಡಿದ್ದರಿಂದ ಅನುಕೂಲ ಕಂಡದ್ದು ಡಬ್ಬಿಹಾಲಿನ ಮಕ್ಕಳಲ್ಲಿ, ಎದೆಹಾಲು ಕುಡಿದವರಿಗೆ ಬೇಗ ಶುರು ಮಾಡಿದ್ದರಿಂದ ಅಪಾಯ ಹೆಚ್ಚಿರಲಿಲ್ಲ. ನಮ್ಮ ಎನ್‌ಪಿಒ ನಿಯಮಕ್ಕೆ ಯಾವ ಹಾಲು ಎಂಬ ಪ್ರಶ್ನೆಯೇ ಇಲ್ಲ.

ರಕ್ತದ ವಾದಕ್ಕೆ ನೇರ ಪರೀಕ್ಷೆ ನಡೆದದ್ದು ಬ್ರಿಟನ್ ಮತ್ತು ಐರ್ಲೆಂಡಿನ 54 ಆಸ್ಪತ್ರೆಗಳಲ್ಲಿ, 2012ರಲ್ಲಿ ಪ್ರಕಟವಾದ ‘ಅಡೆಪ್ಟ್’ ಪ್ರಯೋಗದಲ್ಲಿ. ಅವರು ಆರಿಸಿಕೊಂಡದ್ದು ಆರೋಗ್ಯವಂತ ಮಕ್ಕಳನ್ನಲ್ಲ. ಗರ್ಭದಲ್ಲೇ ಬೆಳವಣಿಗೆ ಕುಂಠಿತವಾಗಿ, ಹೊಕ್ಕುಳಬಳ್ಳಿಯ ರಕ್ತದ ಹರಿವು ಕೆಟ್ಟಿದೆ ಎಂದು ಸ್ಕ್ಯಾನಿನಲ್ಲಿ ಖಚಿತವಾದ 404 ಶಿಶುಗಳು. ವಿಶ್ರಾಂತಿವಾದಿಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವವರು. ಅರ್ಧ ಮಕ್ಕಳಿಗೆ ಎರಡನೆಯ ದಿನ ಹಾಲು ಶುರು, ಉಳಿದವರಿಗೆ ಆರನೆಯ ದಿನ. ಖಚಿತ ಎನ್‌ಇಸಿ ಎರಡೂ ಗುಂಪಿನಲ್ಲಿ ಶೇ 8. ಬೇಗ ಕುಡಿದವರು 18 ದಿನಕ್ಕೆ ಪೂರ್ತಿ ಹಾಲಿಗೆ ಬಂದರು, ತಡವಾದವರು 21 ದಿನಕ್ಕೆ; ಬೇಗ ಕುಡಿದವರಲ್ಲಿ ಪಿತ್ತ ಕಟ್ಟಿಕೊಳ್ಳುವ ಕಾಮಾಲೆಯೂ ಕಡಿಮೆ. ಆಮೇಲೆ 2019ರ ‘ಸಿಫ್ಟ್’ ಬಂತು, 2804 ಶಿಶುಗಳು. ದಿನಕ್ಕೆ ಕಿಲೋಗೆ 18 ಮಿ.ಲೀ. ಏರಿಸಿದರೂ 30 ಮಿ.ಲೀ. ಏರಿಸಿದರೂ ಎನ್‌ಇಸಿ ಹೆಚ್ಚುಕಡಿಮೆ ಒಂದೇ, ನಿಧಾನದವರಲ್ಲಿ ಶೇ 5.6, ವೇಗದವರಲ್ಲಿ ಶೇ 5. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮೊದಲ ದಿನದಿಂದಲೇ ಹಾಲು, ದಿನಕ್ಕೆ ಕಿಲೋಗೆ 30 ಮಿ.ಲೀ.ವರೆಗೆ ಏರಿಕೆ ಎಂದು ಶಿಫಾರಸು ಮಾಡಿತು. ಸ್ಥಿರವಾಗಿರುವ ಶಿಶುಗಳಿಗೆ ಮೊದಲ ದಿನದಿಂದ ಪೂರ್ತಿ ಹಾಲನ್ನೇ ಕೊಟ್ಟು ನೋಡುವ ಧೈರ್ಯವನ್ನು ದೆಹಲಿಯ ವೈದ್ಯರೂ ತೋರಿಸಿದ್ದಾರೆ.

ಇಷ್ಟಾದರೂ ಅಭ್ಯಾಸ ಹೋಗಿಲ್ಲ. 2020ರಲ್ಲಿ ಭಾರತದಲ್ಲಿ ತಿಂಗಳು ತುಂಬದೆ ಹುಟ್ಟಿದ ಮಕ್ಕಳು 30 ಲಕ್ಷಕ್ಕೂ ಹೆಚ್ಚು. ಈ ನಿಯಮ ಹುಟ್ಟಿದ ದೇಶಗಳಲ್ಲಿ ಬಾಯಿ ಕಟ್ಟಿದ ಮಗುವಿಗೆ ಮೊದಲ ದಿನದಿಂದಲೇ ರಕ್ತನಾಳದ ಮೂಲಕ ಅಮೈನೋ ಆಮ್ಲ, ಕೊಬ್ಬು, ವಿಟಮಿನ್ ಎಲ್ಲ ಹೋಗುತ್ತದೆ. ನಮ್ಮಲ್ಲಿ ನಿಯಮ ಮಾತ್ರ ಬಂತು, ಅದರ ಜೊತೆಗಾರ ಬರಲಿಲ್ಲ. ತಾಲ್ಲೂಕು, ಜಿಲ್ಲಾ ಮಟ್ಟದ ಎಷ್ಟೋ ಘಟಕಗಳಲ್ಲಿ ಎನ್‌ಪಿಒ ಎಂದರೆ ಶೇ 10ರ ಗ್ಲೂಕೋಸ್ ಡ್ರಿಪ್, ಅಷ್ಟೆ. ಅದರಲ್ಲಿ ಪ್ರೋಟೀನ್ ಇಲ್ಲ, ಅರ್ಜಿನೈನ್ ಇಲ್ಲ. ಒಂದು ಕಿಲೋ ತೂಕದ ಜೀವ ನಾಲ್ಕು ದಿನ ಸಕ್ಕರೆನೀರಿನ ಮೇಲೆ. ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ರಕ್ತನಾಳದ ಮೂಲಕ ಕೊಡುವ ಆ ಆಹಾರ, ಅಂದರೆ ಟಿಪಿಎನ್, ಸಿಗುತ್ತದೆ ನಿಜ, ಆದರೆ ಅದಕ್ಕೆ ಬೇಕಾದ ಲೈನ್ ಎಷ್ಟು ದಿನ ಇರುತ್ತದೋ ಅಷ್ಟು ದಿನ ಸೋಂಕಿಗೆ ಬಾಗಿಲು ತೆರೆದಿರುತ್ತದೆ.

ಇನ್ನೂ ಕೆಟ್ಟದ್ದು ವಾರ್ಡಿನ ಆಚೆ ನಡೆಯುತ್ತದೆ. ಬಾಣಂತಿ ಬೇರೆ ಮಹಡಿಯಲ್ಲಿ, ಎಷ್ಟೋ ಸಲ ಬೇರೆ ಊರಿನ ಆಸ್ಪತ್ರೆಯಲ್ಲೇ ಇರುತ್ತಾಳೆ. ಮೊದಲ ದಿನ ಹಿಂಡಿದರೆ ಬರುವುದು ಹಳದಿ ಬಣ್ಣದ ನಾಲ್ಕಾರು ಹನಿ, ಒಳಲೆಯ ತಳವೂ ಮುಚ್ಚದಷ್ಟು. ಹಾಲು ಇಳಿಯಬೇಕಾದರೆ ಎರಡು ಮೂರು ಗಂಟೆಗೊಮ್ಮೆ ಎದೆ ಬರಿದಾಗುತ್ತಿರಬೇಕು. ಮಗು ಎನ್‌ಪಿಒ ಎಂದ ಮೇಲೆ ಹಾಲು ಕೇಳುವವರಿಲ್ಲ, ಹಿಂಡು ಎಂದು ಹೇಳುವವರಿಲ್ಲ. ಹಿಂಡಿ ತಂದರೂ ‘ಇನ್ನೂ ಆರ್ಡರ್ ಆಗಿಲ್ಲಮ್ಮಾ’ ಎಂದು ಸಿಂಕಿಗೆ ಹೋಗುತ್ತದೆ. ನೋವಾಗಿ ಕಟ್ಟಿಕೊಂಡ ಎದೆಗೆ ಮನೆಯವರು ಮಲ್ಲಿಗೆ ಹೂ ಕಟ್ಟುತ್ತಾರೆ, ಹಾಲು ಬತ್ತುತ್ತದೆ. ಐದನೆಯ ದಿನ ರೌಂಡ್ಸ್‌ನಲ್ಲಿ ಹಾಲು ಶುರು ಮಾಡಿ ಎಂಬ ಆಜ್ಞೆ ಬಂದಾಗ ತಾಯಿಯ ಬಳಿ ಹಾಲಿಲ್ಲ. ಅಪ್ಪ ಮೆಡಿಕಲ್ ಶಾಪಿಗೆ ಓಡುತ್ತಾನೆ, ಡಬ್ಬಿ ತೆರೆಯುತ್ತದೆ. ಎನ್‌ಇಸಿಗೆ ಹೆದರಿ ಕೊಟ್ಟ ವಿಶ್ರಾಂತಿ ಮಗುವನ್ನು ಎನ್‌ಇಸಿಯನ್ನು ಹೆಚ್ಚಿಸುವ ಆಹಾರದ ಕೈಗೇ ಒಪ್ಪಿಸುತ್ತದೆ.

ಅಜ್ಜಿಯೊಬ್ಬಳು ಮೊದಲ ಹಾಲು ಹಿಂಡಿ ಚೆಲ್ಲಿಸಿ ಮಗುವಿನ ನಾಲಗೆಗೆ ಜೇನುತುಪ್ಪ ಸವರಿದರೆ, ಕತ್ತೆಹಾಲು ಕುಡಿಸಿದರೆ ಆಶಾ ಕಾರ್ಯಕರ್ತೆಯಿಂದ ಹಿಡಿದು ಜಿಲ್ಲಾ ಆರೋಗ್ಯಾಧಿಕಾರಿಯವರೆಗೆ ಎಲ್ಲರೂ ಬೈಯುತ್ತಾರೆ, ಬೈಯಬೇಕಾದ್ದೇ. ಅದೇ ಹಾಲು ಆಸ್ಪತ್ರೆಯ ಸಿಂಕಿನಲ್ಲಿ ಹೋಗಿ, ಜೇನಿನ ಜಾಗದಲ್ಲಿ ಗ್ಲೂಕೋಸ್ ಬಂದರೆ ಅದಕ್ಕೆ ಪ್ರೋಟೊಕಾಲ್ ಎಂಬ ಮರ್ಯಾದೆ ಸಿಗುತ್ತದೆ.

ಶುರುವಾದ ಹಾಲನ್ನು ನಿಲ್ಲಿಸಲೂ ಒಂದು ವಿಧಿಯಿದೆ. ಪ್ರತಿ ಸಲ ಹಾಲು ಹಾಕುವ ಮೊದಲು ಟ್ಯೂಬಿನಿಂದ ಸಿರಿಂಜಿಗೆ ಎಳೆದು ಹೊಟ್ಟೆಯಲ್ಲಿ ಎಷ್ಟು ಉಳಿದಿದೆ ಎಂದು ನೋಡುವುದು. ಎರಡು ಮಿ.ಲೀ. ಹಸಿರುಛಾಯೆಯದು ಬಂದರೆ ಮತ್ತೆ ಎನ್‌ಪಿಒ. ತಿಂಗಳು ತುಂಬದ ಹೊಟ್ಟೆ ನಿಧಾನ, ಉಳಿಯುವುದು ಸಹಜ. 2019ರಲ್ಲಿ ಅಮೆರಿಕದ ಪಾರ್ಕರ್ ತಂಡ 143 ಶಿಶುಗಳಲ್ಲಿ ಈ ಎಳೆದು ನೋಡುವ ಪದ್ಧತಿಯನ್ನೇ ಅರ್ಧ ಮಕ್ಕಳಿಗೆ ಬಿಟ್ಟು ನೋಡಿತು. ಬಿಟ್ಟವರು ಬೇಗ ಹೆಚ್ಚು ಹಾಲಿಗೆ ಬಂದರು, ಬೇಗ ಮನೆಗೂ ಹೋದರು. ಹೊಟ್ಟೆ ಉಬ್ಬರವಿಲ್ಲದೆ, ವಾಂತಿಯಿಲ್ಲದೆ ಬರೀ ಸಿರಿಂಜಿನ ಬಣ್ಣ ನೋಡಿ ಊಟ ಕಸಿಯುವುದನ್ನು ನಮ್ಮ ಘಟಕಗಳು ಯಾವಾಗ ಬಿಡುತ್ತವೋ.

ಹಾಲು ತಡೆಯಲೇಬೇಕಾದ ಮಕ್ಕಳಿದ್ದಾರೆ. ರಕ್ತದೊತ್ತಡ ಕುಸಿದು ಅದನ್ನು ಏರಿಸುವ ಔಷಧಿಯ ದೊಡ್ಡ ಪ್ರಮಾಣದ ಮೇಲೆ ಇರುವ ಮಗು, ಪಿತ್ತದ ವಾಂತಿ ಮಾಡುತ್ತಿರುವ ಮಗು, ಕರುಳು ಮುಚ್ಚಿಕೊಂಡಿರುವ ಮಗು, ಎನ್‌ಇಸಿ ಬಂದೇ ಬಿಟ್ಟಿದೆ ಎಂಬ ಅನುಮಾನವಿರುವ ಮಗು. ಅಂಥ ಮಗುವಿಗೆ ಕಾರಣ ಬರೆದು, ಎಷ್ಟು ಗಂಟೆಯವರೆಗೆ ಎಂದೂ ಬರೆದು ತಡೆಯಲಿ. ಆ ಗಂಟೆ ಮುಗಿದಾಗ ಇನ್ನೊಮ್ಮೆ ಪರೀಕ್ಷಿಸಲಿ. ತಾಯಿಯ ಹಾಲು ಸಾಲದಿದ್ದರೆ ಬ್ಯಾಂಕಿನ ಹಾಲು ಇದೆ. ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ 1989ರಲ್ಲೇ ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ ಕಟ್ಟಿದರು. ಬೆಂಗಳೂರಿನ ವಾಣಿವಿಲಾಸಕ್ಕೆ ‘ಅಮೃತಧಾರೆ’ ಬರಲು 2022ರವರೆಗೆ ಕಾಯಬೇಕಾಯಿತು.

ಒಂದು ಪ್ರಶ್ನೆ ಉಳಿದಿದೆ, ಚರ್ಚೆಯ ಕೊನೆಗೆ ಇದನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ: ಹಾಲು ಕೊಟ್ಟ ಮರುದಿನ ಎನ್‌ಇಸಿ ಬಂದರೆ ಹೊಣೆ ಯಾರು? ಅಭ್ಯಾಸದ ಬೇರು ಇರುವುದು ಇಲ್ಲಿ. ಹಾಲು ಕೊಟ್ಟ ಮೇಲೆ ಸತ್ತ ಮಗು ಹಾಲು ಕೊಟ್ಟವರ ಲೆಕ್ಕಕ್ಕೆ ಸೇರುತ್ತದೆ. ಹಾಲಿಲ್ಲದೆ ತೂಕ ಇಳಿದು, ಹನ್ನೆರಡನೆಯ ದಿನ ಡ್ರಿಪ್ಪಿನ ಸೋಂಕಿನಿಂದ ಸತ್ತ ಮಗು ಸೆಪ್ಸಿಸ್ ಲೆಕ್ಕಕ್ಕೆ ಸೇರುತ್ತದೆ, ಯಾರ ಹೆಸರೂ ಅದಕ್ಕೆ ಅಂಟುವುದಿಲ್ಲ. ಶಿಶುಮರಣ ಪರಾಮರ್ಶೆಯ ಸಭೆಯಲ್ಲಿ ಇನ್ನು ಮುಂದೆ ಪ್ರತಿ ಕೇಸಿಗೂ ಒಂದು ಸಾಲು ಹೆಚ್ಚಿಗೆ ಓದಿಸಲಿ: ಈ ಮಗುವಿನ ಹೊಟ್ಟೆ ಒಟ್ಟು ಎಷ್ಟು ಗಂಟೆ ಖಾಲಿಯಿತ್ತು, ಯಾವ ಕಾರಣಕ್ಕೆ, ಸಹಿ ಯಾರದು.